ಆಕಾಶತಂತಿಯ ಸ್ಥಾನಬಲ

ಮೊಸಳೆಗೆ ನೀರಿನಲ್ಲಿರುವ ಬಲವು ನೆಲದ ಮೇಲಿಲ್ಲವೆಂಬುದನ್ನು ನಮ್ಮಲ್ಲಿ ಮಕ್ಕಳೂ ಬಲ್ಲರು. ವಸ್ತುವಿಗೆ ತನ್ನ ಸ್ವಭಾವದಿಂದ ಬರುವ ಬಲವೊಂದು, ಅದು ನೆಲೆಸಿರುವ ಎಡೆಯಿಂದ ಬರುವ ಬಲವಿನ್ನೊಂದು. ಈ ಎರಡನೆಯದನ್ನು ಹಿರಿಯರು ಸ್ಥಾನಬಲವೆಂದು ಕರೆದರು. ರೇಡಿಯೋ ಯಂತ್ರದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಯಂತ್ರದ ಸ್ವಭಾವಬಲವನ್ನೇ ವರ್ಣಿಸಿರುವರು. ಪೆಟ್ಟಿಗೆಯೊಳಗಿನ ಬಲ್ಬುಗಳಿಗೂ ಸುರುಳಿಗಳಿಗೂ ಸಂದಿರುವ ಗೌರವವು ಪೆಟ್ಟಿಗೆಯ ಹೊರಗೆ ಮಳೆ ಬಿಸಿಲುಗಳಲ್ಲಿ ತೂಗಾಡುವ ತಂತಿಗೆ ಸಂದಿಲ್ಲ. ಆದರೆ ಆ ತಂತಿಯಿಲ್ಲದೆ ಯಂತ್ರವು ಕಿವುಡೂ ಹೌದು, ಮೂಕವೂ ಹೌದು. ಹವ್ಯಾಸಿಗಳು ತಮ್ಮ ಕೈಯಿಂದಲೇ ಮಾಡಿ ತಮ್ಮ ಮನೆ ಹಿತ್ತಿಲುಗಳಲ್ಲಿ ಕಟ್ಟಿದ ಇಂತಹ ತಂತಿಗಳ ಚರಿತ್ರೆಯನ್ನು, ಕೊಡಗಿನ ದಕ್ಷಿಣದ ಅಂಚಿನಲ್ಲಿರುವ ಕುಟ್ಟದಲ್ಲಿ ನಿಂತು ನೋಡಿ, ಸಂಕ್ಷೇಪವಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಚಾರ. ನಮ್ಮ ಮನೆಗಳಲ್ಲಿ ಇದನ್ನು ಏರಿಯಲ್ ಎಂದೇ ಕರೆಯುತ್ತಿದ್ದರು. ಈಗಿನವರು ಆಂಟೆನಾ ಎನ್ನುವರು. ಆಂಟೆನಾ ಎಂಬುದು ಲ್ಯಾಟಿನ್ ಭಾಷೆಯಲ್ಲಿ ಹಡಗಿನ ಹಾಯಿಯನ್ನು ಕಟ್ಟುವ ಅಡ್ಡಮರಕ್ಕೆ ಇದ್ದ ಹೆಸರು. ಕೀಟಗಳ ಮೀಸೆಗೂ ಅದೇ ಹೆಸರು ಸಂದಿತು. ಈ ಲೇಖನದಲ್ಲಿ ಕಾಲಕ್ಕೂ ಸಂದರ್ಭಕ್ಕೂ ತಕ್ಕಂತೆ ಏರಿಯಲ್ ಎಂದೂ ಆಕಾಶತಂತಿಯೆಂದೂ ಬಳಸಿದ್ದೇನೆ.

ಪಾಠಶಾಲೆಯಲ್ಲಿ ತರ್ಕವನ್ನೋದಿದವರಿಗೆ ಇಲ್ಲಿ ಒಂದು ಹಳೆಯ ಚರ್ಚೆಯು ನೆನಪಾಗದೆ ಇರದು. ಶಬ್ದವು ಆಕಾಶದ ಗುಣವೆಂದು ನೈಯಾಯಿಕರ ಮತ. ಹುಟ್ಟಿದ ಎಡೆಯಿಂದ ಅದು ಕೇಳುವವನ ಕಿವಿಯವರೆಗೆ ಬರುವ ಬಗೆಯನ್ನು ಅವರು ಎರಡು ದೃಷ್ಟಾಂತಗಳಿಂದ ವಿವರಿಸಿದರು. ನೀರಿನಲ್ಲಿ ಅಲೆಯಿಂದ ಅಲೆ ಹುಟ್ಟುವಂತೆ ಎಂಬುದು ವೀಚೀತರಂಗನ್ಯಾಯ. ಕದಂಬದ ಮೊಗ್ಗು ಒಮ್ಮೆಗೇ ಎಲ್ಲ ಕಡೆಗೂ ಅರಳುವಂತೆ ಎಂಬುದು ಕದಂಬಮುಕುಲನ್ಯಾಯ. ಇದರಿಂದ ಪೂರ್ವಿಕರು ರೇಡಿಯೋವನ್ನು ಬಲ್ಲವರಾಗಿದ್ದರೆಂದು ಸಾಧಿಸಹೊರಡುವುದು ಅವರಿಗೂ ಮರ್ಯಾದೆಯಲ್ಲ, ನಮಗೂ ಅಲ್ಲ. ಅವರು ಹೇಳಿದ್ದು ಕಿವಿಗೆ ಕೇಳುವ ಶಬ್ದವನ್ನು ಕುರಿತು. ರೇಡಿಯೋ ತರಂಗವು ವಿದ್ಯುತ್ತಿಗೂ ಅಯಸ್ಕಾಂತಕ್ಕೂ ಸಂಬಂಧಿಸಿದ ಬೇರೆಯದೇ ವಸ್ತು, ಬೆಳಕಿನ ಬಂಧು. ಆದರೂ ದೃಷ್ಟಾಂತವು ಬಲು ಉಪಯುಕ್ತವಾದುದು. ನೆಟ್ಟಗೆ ನಿಲ್ಲಿಸಿದ ತಂತಿಯು ದಿಗಂತದ ಎಲ್ಲ ದಿಕ್ಕುಗಳಿಗೂ ಸಮವಾಗಿ ಅರಳುವುದು. ಅಡ್ಡಲಾಗಿ ಎತ್ತರದಲ್ಲಿ ಕಟ್ಟಿದ ತಂತಿಯಾದರೋ ತನ್ನ ಎರಡು ಪಕ್ಕಗಳಿಗೆ ಚೆನ್ನಾಗಿ ಅರಳಿ, ತುದಿಗಳ ಕಡೆಗೆ ಮುದುಡಿಕೊಳ್ಳುವುದು. ತಂತಿಯನ್ನು ಎಲ್ಲಿ, ಎಷ್ಟು ಎತ್ತರದಲ್ಲಿ, ಯಾವ ದಿಕ್ಕಿಗೆ ಕಟ್ಟಬೇಕೆಂಬ ಪ್ರಶ್ನೆಯೆಲ್ಲವೂ ಈ ಮೊಗ್ಗು ಅರಳುವ ಬಗೆಯನ್ನೇ ಅವಲಂಬಿಸಿದೆ.

ಒಂದೇ ಜಮೀನಿನ ಬೇರೆ ಬೇರೆ ಎಡೆಗಳಲ್ಲಿ ಆಕಾಶತಂತಿಯನ್ನು ನಿಲ್ಲಿಸಿ ತಾರತಮ್ಯವನ್ನು ಪರೀಕ್ಷಿಸಿದವರಲ್ಲಿ ಪ್ರಸಿದ್ಧನಾದವನು ಇಟಲಿಯ ಗುಗ್ಲಿಯೆಲ್ಮೋ ಮಾರ್ಕೋನಿ. 1895ರಲ್ಲಿ, ಆತನಿಗೆ ಇಪ್ಪತ್ತೊಂದು ವರ್ಷವಾಗಿದ್ದಾಗ, ಬೊಲೋನಾ ನಗರದ ಬಳಿ ಪಾಂಟೆಕ್ಕಿಯೋ ಎಂಬ ಊರಿನ ತಂದೆಯ ಮನೆಯಲ್ಲಿಯೇ ಈ ಕೆಲಸವು ನಡೆಯಿತು. ತಗಡಿನ ಪೆಟ್ಟಿಗೆಯೊಂದನ್ನು ಕಂಬದ ಮೇಲಿಟ್ಟು ಯಂತ್ರದ ಒಂದು ಕೊನೆಯನ್ನು ಅದಕ್ಕೂ, ಇನ್ನೊಂದು ಕೊನೆಯನ್ನು ನೆಲಕ್ಕೂ ಆತನು ಜೋಡಿಸಿದನು. ಫಲವನ್ನು ಮುಂದೆ 1909ರಲ್ಲಿ ನೊಬೆಲ್ ಬಹುಮಾನವನ್ನು ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲಿ ಆತನೇ ಅಂಕಿಗಳಲ್ಲಿ ತಿಳಿಸಿರುವನು. 30 ಸೆಂಟಿಮೀಟರ್ ಅಳತೆಯ ಪೆಟ್ಟಿಗೆಯು 2 ಮೀಟರ್ ಎತ್ತರದಲ್ಲಿದ್ದಾಗ ಸಂಕೇತವು 30 ಮೀಟರ್ ದೂರಕ್ಕೆ ಮುಟ್ಟಿತು. 4 ಮೀಟರಿಗೆ ಏರಿಸಿದಾಗ 100 ಮೀಟರ್. 8 ಮೀಟರಿಗೆ ಏರಿಸಿದಾಗ 400 ಮೀಟರ್. ಎತ್ತರವು ಇಮ್ಮಡಿಯಾದರೆ ದೂರವು ಸುಮಾರು ನಾಲ್ಮಡಿ. ಯಂತ್ರವು ಅದೇ, ಬದಲಾದದ್ದು ಪೆಟ್ಟಿಗೆಯ ಸ್ಥಾನ ಮಾತ್ರ. ಬಳಿಕ ಗ್ರಾಹಕಯಂತ್ರವನ್ನು ಮನೆಯ ಹಿಂದಿನ ಗುಡ್ಡದ ಆಚೆಗೆ ಸಾಗಿಸಲಾಯಿತು. ಸಂಕೇತವು ಮುಟ್ಟಿತೆಂಬುದನ್ನು ಆಚೆಯವರು ಕೋವಿಯ ಗುಂಡು ಹಾರಿಸಿ ತಿಳಿಸಿದರು. ಕೋವಿಯ ಸದ್ದನ್ನು ಹುಟ್ಟಿನಿಂದಲೇ ಬಲ್ಲ ನಮ್ಮ ಕೊಡಗಿನವರಿಗೆ ಈ ಏರ್ಪಾಡು ಹಿಡಿಸದೆ ಇರದು. ಅಂದಿನಿಂದ ಆರು ವರ್ಷಗಳ ಬಳಿಕ, 1901ರ ಡಿಸೆಂಬರ್ 12ರಂದು, ನ್ಯೂಫೌಂಡ್‌ಲೆಂಡಿನ ಗುಡ್ಡವೊಂದರ ಮೇಲೆ ಗಾಳಿಪಟಕ್ಕೆ ಕಟ್ಟಿ ಸುಮಾರು 150 ಮೀಟರ್ ಉದ್ದದ ತಂತಿಯನ್ನು ಮೇಲಕ್ಕೇರಿಸಿ, ಅಟ್ಲಾಂಟಿಕ್ ಸಾಗರದ ಆಚೆಯಿಂದ ಬಂದ ಮೂರು ಚುಕ್ಕೆಗಳ ಸಂಕೇತವನ್ನು ಕೇಳಿದುದಾಗಿ ಮಾರ್ಕೋನಿಯು ಸಾರಿದನು. ಕೇಳಿದ್ದು ನಿಜವೇ ಎಂದು ಸಂಶಯಿಸುವ ವಿದ್ವಾಂಸರು ಇಂದಿಗೂ ಇರುವರು. ಆದರೆ ಎತ್ತರವೇ ಬಲವೆಂಬ ನಂಬಿಕೆಯು ಅಂದಿನಿಂದ ಲೋಕದಲ್ಲಿ ಬೇರೂರಿತು.

ಈ ನಂಬಿಕೆಗೆ ತಿದ್ದುಪಡಿಯನ್ನು ತಂದವರು ಹವ್ಯಾಸಿಗಳು. ಅಮೆರಿಕದ ಸರ್ಕಾರವು 1912ರ ಕಾನೂನಿನಿಂದ ಅವರನ್ನು 200 ಮೀಟರಿಗಿಂತ ಕಡಿಮೆ ಉದ್ದದ ತರಂಗಗಳಿಗೆ ದೂಡಿತ್ತು. ಅವು ದೂರಕ್ಕೆ ಉಪಯೋಗವಿಲ್ಲದವೆಂದು ಬಲ್ಲವರ ಎಣಿಕೆ. 1921ರಲ್ಲಿ ಅವರ ಸಂಘವು ಪಾಲ್ ಗಾಡ್ಲೆ ಎಂಬವನನ್ನು, ಅಮೆರಿಕದ ಹವ್ಯಾಸಿಗಳ ಸಂಕೇತವು ಸಾಗರವನ್ನು ದಾಟುವುದೋ ಇಲ್ಲವೋ ಕೇಳಿ ಬಾರೆಂದು ಬ್ರಿಟನ್ನಿಗೆ ಕಳುಹಿಸಿತು. ಗಾಡ್ಲೆಯು ಮೊದಲು ಲಂಡನ್ನಿನ ವೆಂಬ್ಲಿಯಲ್ಲಿ ಕಿವಿಗೊಟ್ಟನು. ಅಲ್ಲಿನ ಗದ್ದಲದಲ್ಲಿ ತನ್ನ ಕೆಲಸವು ಕೈಗೂಡದೆಂದು ಕಂಡು, ಸ್ಕಾಟ್ಲೆಂಡಿನ ಕಡಲತಡಿಯ ಆರ್ಡ್ರೋಸನ್ ಎಂಬ ಊರಿಗೆ ಹೋಗಿ ಡೇರೆ ಹೂಡಿದನು. ಅಲ್ಲಿ ಆತನು ಕಟ್ಟಿದ್ದು ಎತ್ತರದ ಕಂಬವನ್ನಲ್ಲ. ಸುಮಾರು 1300 ಅಡಿ ಉದ್ದದ ತಂತಿಯನ್ನು, ಆಳೆತ್ತರದ ಎರಡರಷ್ಟೆನ್ನಬಹುದಾದ ಗಿಡ್ಡ ಗೂಟಗಳ ಮೇಲೆ, ಅಮೆರಿಕಕ್ಕೆ ಮುಖಮಾಡಿ ಎಳೆದನು. ಚಳಿ ಮಳೆಗಳ ರಾತ್ರಿಗಳಲ್ಲಿ ಆ ಗಿಡ್ಡ ತಂತಿಯಲ್ಲಿಯೇ ಅಮೆರಿಕದ ಹವ್ಯಾಸಿಗಳ ಸಂಕೇತಗಳು ಕೇಳಿಬಂದವು. ಎರಡು ವರ್ಷಗಳ ತರುವಾಯ, 1923ರ ನವೆಂಬರಿನಲ್ಲಿ, ಅಮೆರಿಕ ಮತ್ತು ಫ್ರಾನ್ಸ್ ದೇಶಗಳ ಹವ್ಯಾಸಿಗಳು ಸುಮಾರು 100 ಮೀಟರ್ ಉದ್ದದ ತರಂಗದ ಮೇಲೆ ಪರಸ್ಪರ ಸಂಭಾಷಿಸಿದರು. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಗಾಡ್ಲೆಗೆ ಗೆಲುವನ್ನು ತಂದ ಕಾರಣಗಳಲ್ಲಿ ತಂತಿಯು ಹಿಡಿದ ಶಕ್ತಿಗಿಂತ ಅದು ಹಿಡಿಯದೆ ಬಿಟ್ಟ ಗದ್ದಲವು ಮುಖ್ಯವಾದುದು. ಸ್ಥಾನಬಲವೆಂದರೆ ಎತ್ತರವೊಂದೇ ಅಲ್ಲ, ಪ್ರಶಾಂತಿಯೂ ಹೌದೆಂದು ಈ ಪರೀಕ್ಷೆಯು ತೋರಿಸಿಕೊಟ್ಟಿತು.

ಭರತಖಂಡದಲ್ಲಿ ಹವ್ಯಾಸಿಗಳ ಚರಿತ್ರೆಯು 1921ರಲ್ಲಿ ಕಲ್ಕತ್ತೆಯ ಅಮರೇಂದ್ರ ಚಂದ್ರ ಗುಪ್ತು ಅವರಿಂದ ಮೊದಲಾಗುತ್ತದೆ. 1924ರಲ್ಲಿ ಮದರಾಸಿನಲ್ಲಿ ಕೃಷ್ಣಸ್ವಾಮಿ ಚೆಟ್ಟಿಯವರ ಮುಂದಾಳುತನದಲ್ಲಿ ರೇಡಿಯೋ ಕ್ಲಬ್ ಸ್ಥಾಪಿತವಾಗಿ ಪ್ರಸಾರವನ್ನು ನಡೆಯಿಸಿತು. ಹಣದ ಅಡಚಣೆಯಿಂದ 1927ರಲ್ಲಿ ಅದು ನಿಂತುಹೋಯಿತು. ಕನ್ನಡನಾಡಿಗೆ ಈ ವಿದ್ಯೆಯು ಬಂದ ಬಗೆ ಇನ್ನೂ ಸ್ವಾರಸ್ಯವಾದುದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು, ಒಂಟಿಕೊಪ್ಪಲಿನಲ್ಲಿದ್ದ ತಮ್ಮ ಸ್ವಂತ ಮನೆ ‘ವಿಠ್ಠಲ ವಿಹಾರ’ದಲ್ಲಿ, 30 ವಾಟ್ ಶಕ್ತಿಯ ಪ್ರೇಷಕಯಂತ್ರವನ್ನಿಟ್ಟು ಪ್ರಸಾರವನ್ನು ಪ್ರಾರಂಭಿಸಿದರು. ಮೂವತ್ತು ವಾಟ್ ಎಂದರೆ ನಡುಮನೆಯಲ್ಲಿ ಉರಿಯುವ ಒಂದು ಸಣ್ಣ ಹಳೆಯ ಬಲ್ಬಿನ ಶಕ್ತಿ. ಸರ್ಕಾರದ ದಿಲ್ಲಿ ನಿಲಯವು ಪ್ರಾರಂಭವಾದದ್ದು 1936ರ ಜನವರಿ 1ರಂದು. ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂದದ್ದು ಅದೇ ವರ್ಷದ ಜೂನ್ ತಿಂಗಳಿನಲ್ಲಿ. ಅವೆರಡಕ್ಕೂ ಮೊದಲೇ ಒಬ್ಬ ಕಾಲೇಜು ಮೇಷ್ಟರ ಮನೆಯಿಂದ ಕನ್ನಡವು ಆಕಾಶವನ್ನೇರಿದ್ದಿತು.

ಆ ನಿಲಯದಿಂದಲೇ ‘ಆಕಾಶವಾಣಿ’ ಎಂಬ ಸುಂದರವಾದ ಹೆಸರು ನಮಗೆ ದೊರೆಯಿತು. ಗೋಪಾಲಸ್ವಾಮಿಯವರೇ ಅದನ್ನಿಟ್ಟರೆಂದು ಕೆಲವರು, ನಾ. ಕಸ್ತೂರಿಯವರು ಸೂಚಿಸಿದರೆಂದು ಕೆಲವರು ಹೇಳುವರು. ಪುರಾಣಗಳಲ್ಲಿ ಕಂಸನನ್ನು ಎಚ್ಚರಿಸಿದ ಅಶರೀರವಾಣಿಯ ಪದವು ಹೀಗೆ ಹೊಸ ಅರ್ಥವನ್ನು ತಾಳಿ, 1950ರ ದಶಕದಲ್ಲಿ ಇಡೀ ದೇಶದ ಪ್ರಸಾರಸಂಸ್ಥೆಗೇ ನಾಮಧೇಯವಾಯಿತು. ನಿಲಯವನ್ನು 1940ರ ದಶಕದ ಆದಿಯಲ್ಲಿ ಸಂಸ್ಥಾನದ ಸರ್ಕಾರವೂ, 1950ರ ಏಪ್ರಿಲ್ 1ರಂದು ಆಲ್ ಇಂಡಿಯಾ ರೇಡಿಯೋ ಸಂಸ್ಥೆಯೂ ವಹಿಸಿಕೊಂಡವು. 1955ರ ನವೆಂಬರಿನಲ್ಲಿ ಅದು ಬೆಂಗಳೂರಿಗೆ ವರ್ಗವಾಯಿತು. 1974ರಲ್ಲಿ ಮೈಸೂರಿಗೆ ಮರಳಿ ತನ್ನದೇ ನಿಲಯವು ಬಂದಿತು. ಇಷ್ಟೆಲ್ಲ ಶಾಖೋಪಶಾಖೆಗಳಾಗಿ ಬೆಳೆದ ಮರದ ಬೀಜವು ಒಬ್ಬ ಗೃಹಸ್ಥನ ಮನೆಯಲ್ಲಿ ಮೊಳೆಯಿತೆಂಬುದನ್ನು ನಾವು ಮರೆಯತಕ್ಕದ್ದಲ್ಲ.

ಆ ಕಾಲದಲ್ಲಿ ಕೊಡಗು ಮೈಸೂರಿಗೆ ಸೇರಿದ್ದಿಲ್ಲ. ಚೀಫ್ ಕಮಿಷನರ ಆಡಳಿತದಲ್ಲಿದ್ದ ಪ್ರತ್ಯೇಕ ಪ್ರಾಂತವಾಗಿದ್ದಿತು. 1956ರ ನವೆಂಬರ್ 1ರವರೆಗೂ ಆಡಳಿತದಲ್ಲಿ ಬೇರೆಯಾಗಿಯೇ ಉಳಿಯಿತು. ಆದರೆ ತರಂಗಗಳಿಗೆ ಸುಂಕದಕಟ್ಟೆಯಿಲ್ಲ. ಮುಂದಿನ ದಶಕಗಳಲ್ಲಿ ರೇಡಿಯೋ ಕೊಂಡ ಮನೆಗಳಲ್ಲಿ ಮಾಡಿನಿಂದ ಮರಕ್ಕೆ ತಾಮ್ರದ ತಂತಿಯನ್ನೆಳೆದು, ಎರಡು ತುದಿಗಳಿಗೂ ಪಿಂಗಾಣಿಯ ಬಿಲ್ಲೆಗಳನ್ನು ಕಟ್ಟುತ್ತಿದ್ದರು. ಅಂಚೆ ಕಛೇರಿಯಲ್ಲಿ ವರ್ಷವರ್ಷವೂ ಲೈಸೆನ್ಸಿನ ಹಣವನ್ನು ಕಟ್ಟಿ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಳ್ಳಬೇಕಾಗಿದ್ದಿತು. 1980ರ ದಶಕದಲ್ಲಿ ಆ ಪದ್ಧತಿಯು ಕೊನೆಗೊಂಡಿತು. ಅದೇ ದಶಕದಲ್ಲಿ ಟೆಲಿವಿಷನ್ ಬಂದು, ಉದ್ದನೆಯ ಪೈಪಿನ ಮೇಲೆ ಮೀನಿನ ಮುಳ್ಳಿನಂತಹ ಆಂಟೆನಾ ಏರಿತು. 1920ರ ದಶಕದಲ್ಲಿ ಜಪಾನಿನ ಉದಾ ಮತ್ತು ಯಾಗಿ ಎಂಬ ವಿದ್ವಾಂಸರು ಕಂಡುಹಿಡಿದ ರೂಪವದು. ಒಬ್ಬರು ಮಾಡಿನ ಮೇಲೆ ಪೈಪನ್ನು ತಿರುಗಿಸುತ್ತ, ಒಳಗಿನವರು “ಬಂತು, ಬಂತು, ಹೋಯಿತು” ಎಂದು ಕೂಗುತ್ತ ನಡೆಯಿಸಿದ ಪರೀಕ್ಷೆಯು ಮಾರ್ಕೋನಿಯ ಪರೀಕ್ಷೆಯ ಮೊಮ್ಮಗುವೇ ಸರಿ. 1993ರಲ್ಲಿ ಮಡಿಕೇರಿಯಲ್ಲಿಯೇ ಆಕಾಶವಾಣಿ ನಿಲಯವು ಬಂದಮೇಲೆ ಅನೇಕ ಮನೆಗಳಿಗೆ ಹೊರಗಿನ ತಂತಿಯೇ ಬೇಡವಾಯಿತು.

ಈಗ ಕುಟ್ಟದ ಭೂಮಿಯನ್ನು ನೋಡೋಣ. ಪಡುವಣಕ್ಕೆ ಬ್ರಹ್ಮಗಿರಿಯ ಸಾಲು. ಮೂಡಣಕ್ಕೆ ನಾಗರಹೊಳೆಯ ಕಾಡು. ತೆಂಕಣಕ್ಕೆ ತೋಲ್ಪೆಟ್ಟಿಯನ್ನು ದಾಟಿದರೆ ವಯನಾಡು. ನೇರ ಗೆರೆಯಲ್ಲಿ ಮೈಸೂರು ಸುಮಾರು 75 ಕಿಲೋಮೀಟರ್, ಮಡಿಕೇರಿ ಸುಮಾರು 60 ಕಿಲೋಮೀಟರ್; ಆದರೆ ನಡುವೆ ಗುಡ್ಡಗಳ ಅಡ್ಡಗೋಡೆ. ಇಲ್ಲಿನ ಒಂದೊಂದು ತೋಟದಲ್ಲಿಯೂ ಬಾಣೆಯ ನೆತ್ತಿ, ಕಾಫಿಯ ಇಳಿಜಾರು, ತಗ್ಗಿನ ಗದ್ದೆ ಎಂಬ ಮೂರು ನೆಲೆಗಳಿರುವುದುಂಟು. ಆಕಾಶತಂತಿಯ ಸ್ಥಾನಬಲವನ್ನು ಅಳೆಯುವುದಕ್ಕೆ ಇದಕ್ಕಿಂತ ತಕ್ಕ ಪಾಠಶಾಲೆಯು ಬೇರೆಯಿಲ್ಲ. ನಮ್ಮ ಬಂಧುಗಳೊಬ್ಬರ ತೋಟದಲ್ಲಿ, ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಹವ್ಯಾಸಿ ರೇಡಿಯೋ ಪರವಾನಗಿಯನ್ನು ಪಡೆದಿರುವ ಅವರ ಮಗನು ಇಂತಹ ಪರೀಕ್ಷೆಯನ್ನು ಕೈಕೊಂಡಾಗ, ದಿನಚರಿಯನ್ನು ಬರೆದಿಡುವ ಕೆಲಸವು ನನ್ನ ಪಾಲಿಗೆ ಬಂದಿತು.

7.1 ಮೆಗಾಹರ್ಟ್ಸ್ ಕಂಪನದ ತರಂಗಕ್ಕೆ ಅರ್ಧತರಂಗದ ತಂತಿಯು ಸುಮಾರು 66 ಅಡಿ, ಎಂದರೆ 20 ಮೀಟರ್ ಉದ್ದವಿರಬೇಕು. ಅಂಗಡಿಯ ಸಾಧಾರಣ ತಾಮ್ರದ ತಂತಿಯನ್ನು ಅಷ್ಟುದ್ದಕ್ಕೆ ಅಳೆದು, ನಡುವೆ ಕತ್ತರಿಸಿ, ಕತ್ತರಿಸಿದೆಡೆಯಲ್ಲಿ ಕೇಬಲನ್ನು ಬೆಸೆದು, ತುದಿಗಳಿಗೆ ಪ್ಲಾಸ್ಟಿಕ್ ಪೈಪಿನ ತುಂಡುಗಳನ್ನು ಕಟ್ಟಿದರೆ ಆಕಾಶತಂತಿಯು ಸಿದ್ಧ. ಹೀಗೆ ಒಂದೇ ಅಳತೆಯ ಮೂರನ್ನು ಮಾಡಲಾಯಿತು. ಮೊದಲನೆಯದು ಮನೆಯ ಹೆಂಚಿನ ಮಾಡಿನ ಮೇಲೆ, ನೆಲದಿಂದ ಸುಮಾರು 25 ಅಡಿ ಎತ್ತರದಲ್ಲಿ. ಎರಡನೆಯದು ಗದ್ದೆಯಂಚಿನ ಎರಡು ಅಡಿಕೆಮರಗಳ ನಡುವೆ 12 ಅಡಿ ಎತ್ತರದಲ್ಲಿ. ಮೂರನೆಯದು ಬಾಣೆಯ ನೆತ್ತಿಯಲ್ಲಿ ಸಿಲ್ವರ್ ಮರಗಳ ನಡುವೆ 40 ಅಡಿ ಎತ್ತರದಲ್ಲಿ. ಗಾಳಿಗೆ ಮರವು ತೂಗಿದಾಗ ತಂತಿಯು ಹರಿಯದಿರಲೆಂದು ಒಂದು ತುದಿಯ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ಕಲ್ಲನ್ನು ತೂಗುಬಿಡಲಾಯಿತು. ಮೂರರ ಕೇಬಲುಗಳೂ ಕಾಫಿಕಣದ ಪಕ್ಕದ ಕೋಣೆಗೆ ಬಂದು ಸೇರಿದವು. ಅಲ್ಲಿ ಒಂದು ಸ್ವಿಚ್ಚನ್ನು ತಿರುಗಿಸಿ, ಒಂದೇ ನಿಲಯದ ಒಂದೇ ಮಾತನ್ನು ಕ್ಷಣಮಾತ್ರದಲ್ಲಿ ಮೂರು ತಂತಿಗಳಲ್ಲಿಯೂ ಕೇಳಬಹುದಾಗಿದ್ದಿತು.

ಈ ಸ್ವಿಚ್ಚು ಸಣ್ಣ ವಿಷಯವಲ್ಲ. ಆಕಾಶದ ಮೇಲ್ಪದರದಿಂದ ಪ್ರತಿಫಲಿಸಿ ಬರುವ ತರಂಗವು ನಿಮಿಷಕ್ಕೊಮ್ಮೆ ಏರಿಳಿಯುತ್ತದೆ. ಇಂದು ಒಂದು ತಂತಿಯಲ್ಲಿ ಕೇಳಿ, ನಾಳೆ ಇನ್ನೊಂದರಲ್ಲಿ ಕೇಳಿ ತೀರ್ಪು ಹೇಳಿದರೆ, ಅದು ತಂತಿಯ ತಾರತಮ್ಯವಾಗದೆ ದಿನದ ತಾರತಮ್ಯವಾಗುವುದು. ಎರಡು ಓಲೆಯ ಪ್ರತಿಗಳಲ್ಲಿ ಪಾಠಾಂತರವನ್ನು ಗೊತ್ತುಮಾಡುವವನು ಎರಡನ್ನೂ ಮಗ್ಗುಲಲ್ಲಿಟ್ಟುಕೊಂಡು ಸಾಲು ಸಾಲಾಗಿ ಓದುವನೇ ಹೊರತು, ಒಂದನ್ನು ನೆನಪಿನಲ್ಲಿಟ್ಟುಕೊಂಡು ಇನ್ನೊಂದನ್ನು ಓದುವುದಿಲ್ಲ. ಇಲ್ಲಿಯೂ ಅದೇ ಕ್ರಮ.

ಫಲವು ಹೀಗಾಯಿತು. ಹಗಲು ಹೊತ್ತಿನಲ್ಲಿ ಬೆಂಗಳೂರು, ಮೈಸೂರು, ಕೇರಳದ ಹವ್ಯಾಸಿಗಳ ಮಾತನ್ನು ಕೇಳುವಾಗ, ಯಂತ್ರದ ಮುಳ್ಳು ಮಾಡಿನ ತಂತಿಗೆ ಹೆಚ್ಚು ಏರಿತು, ಗದ್ದೆಯ ತಂತಿಗೆ ಕಡಿಮೆ ಏರಿತು. ಆದರೆ ಮಾತು ಸ್ಪಷ್ಟವಾಗಿ ತಿಳಿದದ್ದು ಗದ್ದೆಯ ತಂತಿಯಲ್ಲಿಯೇ. ಕಾರಣವೇನೆಂದರೆ, ಮಾಡಿನ ತಂತಿಯು ಮನೆಯ ಎಲ್‌ಇಡಿ ದೀಪಗಳ, ಇನ್ವರ್ಟರಿನ ಗುಂಯ್‌ಗುಡುವಿಕೆಯನ್ನೆಲ್ಲ ಮಾತಿನೊಡನೆ ಬೆರೆಸಿ ತರುತ್ತಿದ್ದಿತು. ಇದಕ್ಕಿಂತ ಬಲವಾದ ಶತ್ರುವು ಆನೆಗಳನ್ನು ತಡೆಯಲು ಹಾಕಿದ ಸೋಲಾರ್ ಬೇಲಿ. ಬೇಲಿಯ ತಂತಿಗೆ ಹಸಿಬಳ್ಳಿಯು ತಾಗಿದೆಡೆಯಲ್ಲಿ ಕಿಡಿ ಹಾರಿ, ಗಡಿಯಾರದಂತೆ ಟಕ್ ಟಕ್ ಎಂದು ಯಂತ್ರದಲ್ಲಿ ಬಡಿಯುವುದು. ಬೇಲಿಗೆ ಸಮೀಪದ ಬಾಣೆಯ ತಂತಿಯಲ್ಲಿ ಈ ಬಡಿತವು ಹೆಚ್ಚು. ಹುಡುಗನು ಬೇಲಿಯುದ್ದಕ್ಕೂ ನಡೆದು ಬಳ್ಳಿಗಳನ್ನು ಸವರಿದ ಮೇಲೆ ಸದ್ದು ಬಹುಮಟ್ಟಿಗೆ ಅಡಗಿತು. ಆನೆಯ ಕಾವಲಿಗೂ ಅದರಿಂದ ಉಪಕಾರವಾಯಿತು.

ರಾತ್ರಿಯಲ್ಲಿ ದೂರದೇಶಗಳ ನಿಲಯಗಳನ್ನು ಹುಡುಕುವಾಗ ಬಾಣೆಯ ತಂತಿಯೇ ಮೇಲಾಯಿತು. ತಗ್ಗಿನಲ್ಲಿ ಕಟ್ಟಿದ ತಂತಿಯು ತರಂಗವನ್ನು ಬಹುಪಾಲು ನೆತ್ತಿಯ ಮೇಲಕ್ಕೇ ಕಳುಹುವುದು. ಅದು ಮೇಲ್ಪದರವನ್ನು ಮುಟ್ಟಿ ಕೊಡೆಯಂತೆ ಸುತ್ತಲಿನ ಕೆಲವು ನೂರು ಕಿಲೋಮೀಟರುಗಳ ಮೇಲೆ ಇಳಿಯುವುದು; ನಡುವೆ ಬ್ರಹ್ಮಗಿರಿಯೇ ಇರಲಿ, ಕಾಡೇ ಇರಲಿ, ಮೇಲಿಂದ ಇಳಿಯುವುದಕ್ಕೆ ಅಡ್ಡಿಯಿಲ್ಲ. ಎತ್ತರದ ತಂತಿಯು ದಿಗಂತದ ಕಡೆಗೆ ಬಾಗಿ ಕಳುಹುವುದರಿಂದ ಅದರ ಪಾಲಿಗೆ ದೂರವು ಲಭ್ಯ. ಕಣದ ಕೋಣೆಯಿಂದ ಬಾಣೆಗೆ 300 ಅಡಿ ಕೇಬಲು ಬೇಕಾಯಿತು. ತೆಳುವಾದ ಸಾಧಾರಣ ಕೇಬಲಿನಲ್ಲಿ ಈ ಕಂಪನದ ಶಕ್ತಿಯು ಅರ್ಧಕ್ಕಿಂತ ಹೆಚ್ಚು ದಾರಿಯಲ್ಲಿಯೇ ಸೋರಿಹೋಗುವುದು. ಕೇಳುವುದಕ್ಕೆ ಇದರಿಂದ ಹೆಚ್ಚಿನ ಹಾನಿಯಿಲ್ಲ. ಮಾತಿನೊಡನೆ ಗದ್ದಲವೂ ಅಷ್ಟೇ ಕುಗ್ಗುವುದು. ಹೇಳುವುದಕ್ಕೆ ಮಾತ್ರ ಹಾನಿಯುಂಟು.

145 ಮೆಗಾಹರ್ಟ್ಸ್ ಕಂಪನದಲ್ಲಿ ಕತೆಯೇ ಬೇರೆ. ಈ ತರಂಗವು ಬೆಳಕಿನಂತೆ ನೇರವಾಗಿ ಸಾಗತಕ್ಕದ್ದು. ಅಡ್ಡಿಯಿಲ್ಲದ ಬಯಲಿನಲ್ಲಿ 10 ಮೀಟರ್ ಎತ್ತರಕ್ಕೆ ಅದರ ದಿಗಂತವು ಸುಮಾರು 13 ಕಿಲೋಮೀಟರ್, 100 ಮೀಟರ್ ಎತ್ತರಕ್ಕೆ ಸುಮಾರು 41 ಕಿಲೋಮೀಟರ್. ಅದಕ್ಕೆಂದು ಬೇರೆಯಾಗಿ ಮಾಡಿದ ಕಡ್ಡಿಗಳ ಆಂಟೆನಾದಿಂದ ಗದ್ದೆಯಲ್ಲಿ ಏನೂ ಕೇಳಿಸಲಿಲ್ಲ, ಬಾಣೆಯಲ್ಲಿ ಕೇಳಿಸಿತು. ಆದರೆ ಅದೇ 300 ಅಡಿ ಕೇಬಲಿನಲ್ಲಿ ಶಕ್ತಿಯ ಅರುವತ್ತರಲ್ಲಿ ಒಂದು ಪಾಲಷ್ಟೇ ಉಳಿಯುವುದರಿಂದ, ಯಂತ್ರವನ್ನೇ ಬ್ಯಾಟರಿಯೊಡನೆ ಬಾಣೆಗೆ ಹೊತ್ತು ಹೋಗಬೇಕಾಯಿತು. ಗಾಡ್ಲೆಯ ಡೇರೆಯ ಅಗತ್ಯವು ಆಗ ನಮಗೆ ಮನವರಿಕೆಯಾಯಿತು.

ಆದುದರಿಂದ ಯಾವ ಸ್ಥಾನವು ಶ್ರೇಷ್ಠವೆಂಬ ಪ್ರಶ್ನೆಗೆ, ಯಾರೊಡನೆ ಮಾತನಾಡಬೇಕಾಗಿದೆಯೆಂಬ ಮರುಪ್ರಶ್ನೆಯನ್ನು ಕೇಳದೆ ಉತ್ತರ ಹೇಳುವಂತಿಲ್ಲ. ಈ ಮರುಪ್ರಶ್ನೆಯು ಕೇವಲ ವಿನೋದದ್ದಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಮೊದಲಾದೆಡೆಗಳಲ್ಲಿ ಬೆಟ್ಟಗಳು ಜಾರಿದಾಗ ರಸ್ತೆ, ವಿದ್ಯುತ್ತು, ಟೆಲಿಫೋನು ಮೂರೂ ಒಟ್ಟಿಗೆ ಕಡಿದುಹೋದುದನ್ನು ಜಿಲ್ಲೆಯು ಮರೆತಿಲ್ಲ. ಮರುವರ್ಷ ದಕ್ಷಿಣ ಕೊಡಗಿನ ತೋರದಲ್ಲಿ ಗುಡ್ಡ ಕುಸಿಯಿತು. 2024ರ ಜುಲೈ 30ರಂದು, ನಮ್ಮ ಗಡಿಯಾಚೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಘೋರವಾದ ಭೂಕುಸಿತವಾದಾಗ, ಹವ್ಯಾಸಿಗಳು ಕಲ್ಪೆಟ್ಟದ ಜಿಲ್ಲಾಧಿಕಾರಿಗಳ ಕಛೇರಿಯಲ್ಲಿ ನೆಲೆ ಹೂಡಿ ಸುದ್ದಿಯನ್ನು ಸಾಗಿಸಿದರು. ಅಂತಹ ದಿನ ಬಂದಾಗ ಕುಟ್ಟದವನಿಗೆ ಬೇಕಾದದ್ದು ಐರೋಪ್ಯ ದೇಶದ ನಿಲಯವಲ್ಲ. ಮಡಿಕೇರಿ, ಮೈಸೂರು, ಕಲ್ಪೆಟ್ಟಗಳು. ಅವುಗಳನ್ನು ಮುಟ್ಟಲು ಎತ್ತರದ ಕಂಬವೂ ಬೇಡ, ಹೆಚ್ಚಿನ ಹಣವೂ ಬೇಡ. ಗದ್ದೆಯಂಚಿನ 12 ಅಡಿ ಎತ್ತರದ, 66 ಅಡಿ ಉದ್ದದ ತಂತಿ, ಒಂದು ಬ್ಯಾಟರಿ, ಮತ್ತು ಪರವಾನಗಿಯುಳ್ಳ ಒಬ್ಬ ಹವ್ಯಾಸಿ ಇದ್ದರೆ ಸಾಕು. ಸಿಡಿಲಿನ ತಿಂಗಳುಗಳಾದ ಏಪ್ರಿಲ್, ಮೇಗಳಲ್ಲಿ ತಂತಿಯನ್ನು ಯಂತ್ರದಿಂದ ಬಿಡಿಸಿ ನೆಲಕ್ಕೆ ಕಟ್ಟುವುದನ್ನೂ, ಆನೆಯ ದಾರಿಯಲ್ಲಿ ಗಿಡ್ಡ ತಂತಿಯನ್ನೆಳೆಯದಿರುವುದನ್ನೂ ಮರೆಯಬಾರದು.

ಕೊನೆಯದಾಗಿ ಚರಿತ್ರೆಯ ದೃಷ್ಟಿಯಿಂದ ವಾಚಕಮಹಾಶಯರಲ್ಲಿ ಒಂದು ವಿಜ್ಞಾಪನೆ. ನಮ್ಮ ಅನೇಕ ಮನೆಗಳ ಅಟ್ಟದಲ್ಲಿ ಹಳೆಯ ರೇಡಿಯೋ ಲೈಸೆನ್ಸಿನ ಪುಸ್ತಕಗಳೂ, ಅಂಗಳದ ಮರಗಳಲ್ಲಿ ಪಿಂಗಾಣಿಯ ಬಿಲ್ಲೆಗಳೂ ಈಗಲೂ ಉಳಿದಿರಬಹುದು. ತಂತಿಯು ಯಾವ ಮಾಡಿನಿಂದ ಯಾವ ಮರಕ್ಕೆ ಹೋಗಿದ್ದಿತು, ಅದರಲ್ಲಿ ಯಾವ ನಿಲಯವು ಕೇಳುತ್ತಿದ್ದಿತು, ಮಳೆಗಾಲದಲ್ಲಿ ಏನಾಗುತ್ತಿದ್ದಿತು ಎಂಬುದನ್ನು ಬಲ್ಲ ಹಿರಿಯರು ಇನ್ನೂ ನಮ್ಮೊಡನಿರುವರು. ಅವರನ್ನು ಕೇಳಿ, ಮನೆಯ ನಕ್ಷೆಯೊಂದನ್ನು ಗೀಚಿ, ವರ್ಷವನ್ನು ನಮೂದಿಸಿ ಬರೆದಿಟ್ಟರೆ, ನಾಳೆ ಗುಡ್ಡದ ಮೂಲೆಯೊಂದರಲ್ಲಿ ತಂತಿ ಕಟ್ಟಲು ಹೊರಡುವ ಹುಡುಗನಿಗೆ ಮೊದಲ ಕಲ್ಲನ್ನು ಯಾವ ಕೊಂಬೆಗೆ ಎಸೆಯಬೇಕೆಂಬುದು ತಿಳಿಯುವುದು.